ಕಸ್ತೂರೆವ್ವ ಬಳಿದ ಬೂದಿ

ಐನಾಪುರದ ಕಸ್ತೂರೆವ್ವ ಬಸ್ಸಿನಲ್ಲಿ ಸೀಟು ಸಿಕ್ಕರೆ ಮೊದಲು ಸೆರಗಿನಿಂದ ಒರೆಸುತ್ತಾಳೆ, ಆಮೇಲೆ ಕೂರುತ್ತಾಳೆ. ಪಕ್ಕದವರು ಎದ್ದು ಹೋದರೆ ಅವರ ಸೀಟನ್ನೂ ಒರೆಸುತ್ತಾಳೆ. ಬೇರೆಯವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದರೂ ಅವಳ ಕಣ್ಣು ಮೂಲೆಯ ಜೇಡರ ಬಲೆಯ ಮೇಲೆಯೇ ಇರುತ್ತದೆ. ಐವತ್ತಾರು ವರ್ಷ ಹೀಗೆ ಪಳಗಿದ ಕೈಯನ್ನು ಉತ್ಖನನದ ಗುಂಡಿಗೆ ಇಳಿಸಿದರೆ ಏನಾಗಬೇಕೋ ಅದೇ ಆಯಿತು. ಅದನ್ನು ಹೇಳುವ ಮೊದಲು ಅವಳು ಆ ಗುಂಡಿಗೆ ಇಳಿದದ್ದು ಹೇಗೆಂದು ಹೇಳಬೇಕು.

ಅವರ ದ್ರಾಕ್ಷಿ ತೋಟದ ಆಚೆ, ಹೊಳೆಯ ಕಡೆಗೆ, ಒಂದು ದಿಬ್ಬವಿದೆ. ಊರವರು ಅದನ್ನು ಹಾಳದಿನ್ನಿ ಎನ್ನುತ್ತಾರೆ. ಮೂರು ವರ್ಷದ ಹಿಂದೆ, ಎಳ್ಳಮವಾಸ್ಯೆ ಮುಗಿದ ಮೇಲೆ, ಜಿನ್ನಪ್ಪ ಎಂಬ ಪ್ರಾಧ್ಯಾಪಕರು ಹತ್ತು ಮಂದಿ ವಿದ್ಯಾರ್ಥಿಗಳಿಗೆ ಅಗೆಯುವುದನ್ನು ಕಲಿಸಲು ಅಲ್ಲಿ ಬಿಡಾರ ಹೂಡಿದರು. ತೋಟದಲ್ಲಿ ಆಗ ಅಂಥ ಕೆಲಸವಿರಲಿಲ್ಲ. ಸುಮ್ಮನೆ ಕೂರುವುದು ಕಸ್ತೂರೆವ್ವನ ಜಾಯಮಾನವಲ್ಲ, ಬುಟ್ಟಿ ಹೊರಲು ಹೋದಳು.

ಮೊದಲ ವಾರ ಅವಳಿಗೆ ಅದೆಲ್ಲ ಹುಚ್ಚರ ಸಂತೆಯಾಗಿ ಕಂಡಿತು. ದಾರ ಕಟ್ಟಿ ಚೌಕ ಮಾಡುತ್ತಾರೆ, ಗಾರೆ ಮೆತ್ತುವ ಗೌಂಡಿಯ ಕರಣಿಯಂಥದ್ದರಿಂದ ಉಗುರಿನಷ್ಟು ದಪ್ಪ ಮಣ್ಣು ಕೆರೆಯುತ್ತಾರೆ, ಕೆರೆದದ್ದಕ್ಕಿಂತ ಹೆಚ್ಚು ಬರೆಯುತ್ತಾರೆ.

“ಸರ, ಒಂದ ಜೆಸಿಬಿ ತರಸ್ರಿ. ಮಧ್ಯಾಹ್ನದೊಳಗ ಮುಗದ ಹೋಗತೈತಿ,” ಎಂದಳು.

ಜಿನ್ನಪ್ಪ ಸರ್ ನಗಲಿಲ್ಲ. “ಅಕ್ಕಾರ, ನಾವ ಸಾಮಾನ ಹುಡಕಾಕ ಬಂದಿಲ್ರಿ. ಯಾವದು ಯಾವದರ ಮ್ಯಾಲಿತ್ತು, ಯಾವದರ ಬಾಜೂಕಿತ್ತು, ಅದನ್ನ ನೋಡಾಕ ಬಂದೇವಿ. ಒಮ್ಮಿ ಕಿತ್ತಿದ್ದನ್ನ ತಿರಗಿ ಹಂಗ ಇಡಾಕ ಬರಂಗಿಲ್ರಿ.”

ಮಾತು ಅವಳ ಮನಸ್ಸಿಗೆ ನಾಟಿತು. ಎರಡನೆಯ ವಾರ, ಹುಡುಗರು ಕೆರೆಯುತ್ತಿದ್ದಲ್ಲಿ ಬುಟ್ಟಿ ತುಂಬಲು ಬಗ್ಗಿದವಳು ಬರಿಗಾಲಿನಡಿ ಏನೋ ಬೇರೆಯಾದಂತೆ ಅನಿಸಿ ನಿಂತುಬಿಟ್ಟಳು. “ತಡೀರಿ ತಡೀರಿ, ಇದು ಸಾರಿಸಿದ ನೆಲ ಐತಿ!” ಎಂದು ಕೂಗಿದಳು. ಹುಡುಗರಿಗೆ ಕಂಡದ್ದು ಬರೀ ಮಣ್ಣು. ಸರ್ ಬಂದು ಅಂಚು ಕೆರೆದು ನೋಡಿದರು. ಎಳೆ ಎಳೆಯಾಗಿ, ಒಂದರ ಮೇಲೊಂದು, ಏಳು ಸಲ ಸಾರಿಸಿದ ನೆಲ. ಎರಡು ಸಾವಿರ ವರ್ಷದ ಹಿಂದಿನದಿರಬಹುದು ಎಂದರು. ಅವತ್ತೇ ಅವಳ ಕೈಗೆ ಒಂದು ಕರಣಿ ಕೊಟ್ಟರು. ಕೆಲಸ ಮುಗಿಯುವುದರೊಳಗೆ ಚೆನ್ನಾಗಿ ಕಲಿತರೆ ಮುಂದಿನ ವರ್ಷದಿಂದ ನುರಿತ ಕೆಲಸಗಾರರ ಪಟ್ಟಿಯಲ್ಲಿ ಹೆಸರು ಬರೆಯುವುದಾಗಿಯೂ ಹೇಳಿದರು.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ಮೇಲೆ ಕಸ್ತೂರೆವ್ವನಿಗೆ ಯಾರೂ ಏನನ್ನೂ ಕೂರಿಸಿ ಕಲಿಸಿರಲಿಲ್ಲ. ಎಲ್ಲವನ್ನೂ ನೋಡಿ, ಬೈಸಿಕೊಂಡು ಕಲಿತವಳು. ಆ ಸಂಜೆ ಕರಣಿಯ ಹಿಡಿಗೆ ಎಣ್ಣೆ ಹಚ್ಚಿ ದೇವರ ಜಗುಲಿಯ ಮೇಲಿಟ್ಟಳು. ಸೊಸೆ ಪ್ರಾಜಕ್ತಾ ನೋಡಿ ನಕ್ಕಳು. ಕಸ್ತೂರೆವ್ವ ನಗಲಿ ಎಂದು ಬಿಟ್ಟಳು. ಆ ಪಟ್ಟಿಯಲ್ಲಿ ಹೆಸರು ಬರಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದರೆ, ಬಾಯಿಬಿಟ್ಟು ಹೇಳಿದರೆ ಎಲ್ಲಿ ತಪ್ಪಿಹೋದೀತೋ ಎಂದು ಯಾರಿಗೂ ಹೇಳಿರಲಿಲ್ಲ.

ಅವಳ ಜೊತೆ ಅದೇ ಗುಂಡಿಯಲ್ಲಿ ಕಲಿಯುತ್ತಿದ್ದವಳು ನಿಪ್ಪಾಣಿಯ ಸ್ನೇಹಲ ಎಂಬ ವಿದ್ಯಾರ್ಥಿನಿ; ಮರಾಠಿಯವರಂತೆ ಅವಳು ಕಸ್ತೂರೆವ್ವನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದಳು. ಒಂದು ಸಂಜೆ ಇಬ್ಬರೂ ಸೇರಿ ಆ ನೆಲದ ಮೂಲೆಯಲ್ಲಿ ಮಣ್ಣು ಸರಿಸಿ ಒಂದು ಒಲೆ ಬಿಡಿಸಿದರು. ಮೂರು ಕಲ್ಲು, ಮೆತ್ತಿದ ಮಣ್ಣು, ಒಳಗೆ ಮುಟ್ಟದೆ ಉಳಿದ ಬೂದಿ. ಸರ್ ಅಥಣಿಗೆ ಹೊರಟು ನಿಂತಿದ್ದರು. ಬೂದಿಯಲ್ಲಿ ಸುಟ್ಟ ಕಾಳು ಇರಬಹುದು, ಇದ್ದಿಲಿನಿಂದ ಕಾಲ ತಿಳಿಯಬಹುದು, ಕೈ ತಾಗಿಸದೆ ಇವತ್ತೇ ತೆಗೆದಿಡು ಎಂದು ಸ್ನೇಹಲಳಿಗೆ ಹೇಳಿ ಹೋದರು. ಬೆಳಕು ಇಳಿಯುತ್ತಿತ್ತು. ಬೆಳಿಗ್ಗೆ ತೆಗೆದರಾಯಿತೆಂದು ಸ್ನೇಹಲ ತಾಡಪತ್ರಿ ಮುಚ್ಚಿದಳು.

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ಕಸ್ತೂರೆವ್ವ. ತಾಡಪತ್ರಿ ತೆಗೆದಳು, ಇಬ್ಬನಿಗೆ ಉದುರಿದ ಮಣ್ಣನ್ನು ಬ್ರಶ್ಶಿನಿಂದ ಸರಿಸಿದಳು. ಮನಸ್ಸು ಮನೆಯ ಯಾವುದೋ ಮಾತಿನಲ್ಲಿತ್ತು. ಎದುರಿಗೆ ಒಲೆ, ಒಲೆಯಲ್ಲಿ ಬೂದಿ, ಬೆಳಗಿನ ಹೊತ್ತು. ಮಂಡಿಯೂರಿ ಕೂತು ಎರಡೂ ಕೈಯಿಂದ ಬಳಿದು ಬುಟ್ಟಿಗೆ ತುಂಬಿದಳು, ಎದ್ದು ಹೋಗಿ ಮಣ್ಣಿನ ಗುಡ್ಡೆಗೆ ಸುರಿದು ಬಂದಳು. ಮತ್ತೆ ಕೂತು, ಒಲೆ ಸಾರಿಸಲು ಸಗಣಿ ನೀರಿನ ಅರಿವೆಗೆ ಬಲಗೈ ಚಾಚಿದಳು. ಅರಿವೆ ಸಿಗಲಿಲ್ಲ.

ಆಗ ಅವಳಿಗೆ ಎಚ್ಚರವಾಯಿತು.

ಸ್ನೇಹಲ ಬಂದು ಖಾಲಿ ಒಲೆ ನೋಡಿ, “ಅಗಬಾಯಿ! ಕಾಕು, ಏನ ಮಾಡಿದ್ರಿ?” ಎಂದು ಅಳತೊಡಗಿದಳು. ಅಳು ಮುಗಿದ ಮೇಲೆ ಅವಳಿಗೊಂದು ಉಪಾಯ ಹೊಳೆಯಿತು. “ಗುಡ್ಡಿಯಿಂದ ಒಂದ ಚೀಲ ತುಂಬಕೊಂಡ ಬರೂಣ. ಸರಗ ಗೊತ್ತಾಗಂಗಿಲ್ರಿ. ತಪ್ಪ ನಂದೂ ಐತಿ, ನಿನ್ನೇನ ತಗೀಬೇಕಿತ್ತು.”

ಕಸ್ತೂರೆವ್ವ ಗುಡ್ಡೆಯ ಕಡೆ ನೋಡಿದಳು. ದಿನಾ ಚಹಾ ಕಾಸಿದ ಬೂದಿಯೂ ಅಲ್ಲೇ ಬೀಳುತ್ತಿತ್ತು. ಒಂದು ಕ್ಷಣ ಅವಳಿಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಬೇಕು. ಪಟ್ಟಿ ಕಣ್ಣ ಮುಂದೆ ಬಂತು. ಆದರೆ ವಾರಗಟ್ಟಲೆ ಒಂದೊಂದು ಒಡೆದ ಮಡಕೆಯ ಬೋಕಿಗೂ ಎಲ್ಲಿ ಸಿಕ್ಕಿತೆಂದು ಬರೆದು ಚೀಟಿ ಕಟ್ಟಿದ ಮೇಲೆ ಈ ಚೀಟಿಯಲ್ಲಿ ಏನೆಂದು ಬರೆಯುವುದು?

“ಬ್ಯಾಡ ತಂಗಿ,” ಎಂದಳು. “ನಮ್ಮ ಚಹಾದ ಬೂದಿ ಹೋಗಿ ಇಲ್ಲಿ ಅಡಗಿ ಮಾಡಿದ ಆ ಪುಣ್ಯಾತಗಿತ್ತಿ ಒಲಿ ಬೂದಿ ಆಕ್ಕೈತಿ.”

ಸರ್ ಬಂದಾಗ ಅವಳೇ ಎದುರು ಹೋಗಿ ಹೇಳಿ, ಕರಣಿಯನ್ನು ಮುಂದೆ ಹಿಡಿದಳು. ಅವರು ಅದನ್ನು ತೆಗೆದುಕೊಳ್ಳಲಿಲ್ಲ, ಬೈಯಲೂ ಇಲ್ಲ. ಗುಂಡಿಗೆ ಇಳಿದು ಖಾಲಿ ಒಲೆಯನ್ನು ನೋಡಿದರು. ಬೈದಿದ್ದರೆ ಕಸ್ತೂರೆವ್ವನಿಗೆ ಹಗುರವಾಗುತ್ತಿತ್ತು. ಆಮೇಲೆ ಸ್ನೇಹಲಳ ಕಡೆ ತಿರುಗಿ, “ಪುಸ್ತಕ ತಗಿ. ಇವರ ಹೇಳಿದ್ದನ್ನ ಹೇಳಿದಂಗ ಬರಿ. ನಿನ್ನೆ ನೀ ಬಿಟ್ಟ ಹೋಗಿದ್ದೂ ಬರಿ,” ಎಂದರು.

ಎಲ್ಲಿ ಕೂತಿದ್ದಿರಿ, ಯಾವ ಬದಿಯಿಂದ ಶುರು ಮಾಡಿದಿರಿ, ಎಷ್ಟು ಬೊಗಸೆ ಎಂದು ಒಂದೊಂದನ್ನೂ ಕೇಳಿದರು. ಕಸ್ತೂರೆವ್ವ ಮತ್ತೆ ಮಂಡಿಯೂರಿ ಗಾಳಿಯಲ್ಲೇ ಬೂದಿ ಬಳಿದು ತೋರಿಸಿದಳು. ಹಾಗೆ ತೋರಿಸುತ್ತಿದ್ದವಳ ಕೈ ಹಿಂದಿನ ಕಲ್ಲಿನ ಹತ್ತಿರ ನಿಂತಿತು.

“ಸರ, ಇಲ್ಲಿ ಕೈ ಹೋಗಿಲ್ರಿ. ಹಿಂದಿನ ಕಲ್ಲಿನ ಬುಡಕ ಯಾರ ಕೈನೂ ಹೋಗಂಗಿಲ್ರಿ. ನಮ್ಮ ಹಂಡೆ ಒಲ್ಯಾಗೂ ಅಲ್ಲಿ ಒಂದೀಟ ಗಟ್ಟ್ಯಾಗಿ ಉಳದಿರತೈತಿ.”

“ನೀವ ತಗೀರಿ,” ಎಂದರು ಸರ್.

ಕರಣಿಯ ತುದಿಯಿಂದ ಕಲ್ಲಿನ ಬುಡ ಬಿಡಿಸಿದಳು. ಎರಡು ಚಿಟಿಕೆ ಗಟ್ಟಿ ಬೂದಿ, ಅದರೊಳಗೆ ಜೋಳದ ಕಾಳಿನಷ್ಟು ಒಂದು ಇದ್ದಿಲು ಸಿಕ್ಕಿತು. ಈ ಒಲೆ ಉರಿಸಿದ ಆ ಹೆಣ್ಣುಮಗಳ ಕೈಯೂ ಇಲ್ಲಿಗೆ ಬರುತ್ತಿರಲಿಲ್ಲ ಎಂದು ತಿಳಿದು ಕಸ್ತೂರೆವ್ವನಿಗೆ ದುಃಖ ಒತ್ತರಿಸಿ ಬಂತು. ಹೆಸರಿಲ್ಲದ ಅವಳ ಮೇಲೆ ಅಕ್ಕತಂಗಿಯರ ಮೇಲಿನಂಥ ಮಮತೆ ಹುಟ್ಟಿತು.

“ಇದು ಯಾವ ಕಾಲದ್ದಂತ ಗೊತ್ತಾಗತೈತ್ರಿ,” ಎಂದರು ಸರ್, ಇದ್ದಿಲನ್ನು ಡಬ್ಬಿಗೆ ಹಾಕುತ್ತ. “ಏನ ಉಂಡಿದ್ರು ಅನ್ನೂದು ಮಾತ್ರ ಹೋತು.”

ಸ್ನೇಹಲ ಬರೆದದ್ದನ್ನು ಓದಿದಳು. ‘ಒಲೆಯೊಳಗಿನ ಬೂದಿಯನ್ನು ಕೂಲಿಯಾಳೊಬ್ಬರು ತೆಗೆದಿದ್ದಾರೆ’ ಎಂದಿತ್ತು.

“ಕೂಲಿಯಾಳಂದ್ರ ಯಾರು? ಹೆಸರ ಬರಿ,” ಎಂದಳು ಕಸ್ತೂರೆವ್ವ.

“ಕಾಕು, ಈ ಪುಸ್ತಕ ಕಾಯಂ ಇರತೈತಿ. ಮುಂದ ಯಾರ ನೋಡಿದ್ರೂ ನಿಮ್ಮನ್ನ ಕೆಲಸಕ್ಕ ತಗೊಳ್ಳಂಗಿಲ್ರಿ.”

“ತಗೊಳ್ಳಲಿಲ್ಲಂದ್ರ ಬುಟ್ಟಿ ಹೊರತೀನಿ. ಇಲ್ಲಿದ್ದವರೆಲ್ಲಾ ಕೂಲಿಯಾಳ ಅದಾರ. ನನ್ನ ತಪ್ಪ ಅವರ ತಲಿಗ್ಯಾಕ? ಬರಿ.”

ಸ್ನೇಹಲ ಬರೆದಳು. ಸರ್ ಪುಸ್ತಕ ಇಸಿದುಕೊಂಡು ಓದಿ, ಕೆಳಗೆ ಸಹಿ ಮಾಡಿದರು. ಕೊನೆಯ ಹಾಳೆಗೆ ತಿರುಗಿಸಿ ಇನ್ನೇನನ್ನೋ ಬರೆದರು, ಅದನ್ನು ಓದಿ ಹೇಳಲಿಲ್ಲ. ಮರುವರ್ಷ ಎಳ್ಳಮವಾಸ್ಯೆಯ ಮಾರನೆಯ ದಿನ ಅವರಿಂದ ಫೋನು ಬಂದಾಗಲೇ, ಅದು ನುರಿತವರ ಪಟ್ಟಿ, ಅದರಲ್ಲಿ ತನ್ನ ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದು.

ಹಾಗೆ ಕರೆಸಿಕೊಂಡು ಈಗ ಇದು ಮೂರನೆಯ ವರ್ಷ. ಹೊಸ ವಿದ್ಯಾರ್ಥಿಗಳು ಬಂದ ದಿನ ಜಿನ್ನಪ್ಪ ಸರ್ ಪಾಠ ಮಾಡುವುದಿಲ್ಲ. ಆ ಪುಸ್ತಕದ ಆ ಪುಟ ತೆಗೆದು ಅವರ ಕೈಗೆ ಕೊಟ್ಟು, ಕಸ್ತೂರೆವ್ವನನ್ನು ಕರೆಯುತ್ತಾರೆ. ಅವಳು ಒಲೆಯ ಮುಂದೆ ಕೂತು, ಅರಿವೆಗೆ ಕೈ ಚಾಚಿದ್ದನ್ನೂ ಬಿಡದೆ ಎಲ್ಲವನ್ನೂ ನಗುತ್ತ ಹೇಳುತ್ತಾಳೆ. ಹುಡುಗರೂ ನಗುತ್ತಾರೆ. ಪ್ರತಿವರ್ಷ ಯಾರಾದರೊಬ್ಬರು ಒಂದೇ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಈ ಸಲ ಕೇಳಿದ್ದು ಹಾರೂಗೇರಿಯ ಒಬ್ಬ ಹುಡುಗಿ.

“ಈ ಒಲಿ ಮ್ಯಾಲ ಅವರ ಏನ ಬೇಯಸತಿದ್ರರಿ?”

ಕಸ್ತೂರೆವ್ವನ ನಗು ನಿಂತಿತು. ಕೈಯ ಮಣ್ಣು ಕೊಡವಿಕೊಂಡಳು.

“ಅದನ್ನ ನಾ ಚೆಲ್ಲೀನಿ ತಂಗಿ,” ಎಂದಳು. “ಬರಕೋ.”