ನಗುವಿಗೆ ಮುಂಚಿನ ಗೆರೆ

ತೊಗರಿಬೇಳೆ ಆರಿಸುತ್ತಿದ್ದಾಗ ಫೋನ್ ಬಂತು. ಕೊಟ್ಟೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸಿ, ಈಗ ಗಂಡನ ಜೊತೆ ದಾವಣಗೆರೆಗೆ ಹೋಗಿರುವಾಕೆ.

"ಅಕ್ಕಾರ, ಕೆನ್ನ್ಯಾಗಿನ ಗಂಟು ಕರಗೇತ್ರಿ," ಎಂದಳು.

ಮುಖವನ್ನು ಜೋರಾಗಿ ತಿಕ್ಕು ಎನ್ನುವವರಿಗೆಲ್ಲ ಆಕೆ, "ಮುಖಾ ರೀ ಇದು, ರೊಟ್ಟಿ ಹಿಟ್ಟಲ್ಲ" ಎನ್ನುತ್ತಿದ್ದಳು. ಅವಳ ಬಲಗೆನ್ನೆಯಲ್ಲಿ ಮೊದಲು ಗೆರೆ ಮೂಡಿ, ಆಮೇಲೆ ನಗು ಬರುತ್ತಿತ್ತು. ಗಿರಾಕಿಗಳಿಗೆ ವಯಸ್ಸಾದಂತೆ ಕಾಣಬಾರದೆಂದು ಆ ಗೆರೆಗೇ, ಚರ್ಮದೊಳಗೆ ತುಂಬಿ ಗೆರೆ ಮುಚ್ಚುವ ಫಿಲ್ಲರ್ ಇಂಜೆಕ್ಷನ್ ಚುಚ್ಚಿಸಿಕೊಂಡಳು. ಒಂದು ಶುಕ್ರವಾರ ಅರಿಸಿನ-ಕುಂಕುಮಕ್ಕೆ ಬಂದವಳ ಕೆನ್ನೆಗೆ ಅರಿಸಿನ ಹಚ್ಚುವಾಗ ನನ್ನ ಬೆರಳಿಗೆ ಗಂಟು ಹತ್ತಿತು. ಅವಳು ನಕ್ಕರೂ ಆ ಕೆನ್ನೆ ನಗಲಿಲ್ಲ.

"ಉಪ್ಪಿನ ಶಾಖಾ ಕೊಟ್ಟು ತಿಕ್ಕಲೇನ?" ಎಂದೆ.

"ರೊಟ್ಟಿ ಹಿಟ್ಟಲ್ರೀ ಅಕ್ಕಾರ," ಎಂದು ಕೈ ಹಿಡಿದಳು. "ಕರಗ್ಸಾಕ ಇಂಜೆಕ್ಷನ್ ಐತಂತ. ಚರ್ಮದ ಡಾಕ್ಟರಿಗೇ ತೋರಸ್ತೀನಿ."

ಈಗ ಫೋನಿನಲ್ಲಿ ಅದನ್ನೇ ಹೇಳಿದಳು. ಡಾಕ್ಟರು ಮೊದಲು ಕೈಗೆ ಚೂರು ಔಷಧ ಚುಚ್ಚಿ, ಅಲರ್ಜಿ ಇಲ್ಲವೆಂದು ನೋಡಿಯೇ ಕೆನ್ನೆಗೆ ಕೊಟ್ಟರಂತೆ.

"ಗೆರಿ ವಾಪಸ್ ಬಂದೈತ್ರಿ," ಎಂದು ನಕ್ಕಳು.

ಶಿವನ ದಯೆ, ಅಷ್ಟಾಯಿತಲ್ಲ. ನನ್ನ ಬಟನ್ ಫೋನಿನಲ್ಲಿ ನಗು ಕೇಳಿತು, ಗೆರೆ ಕಾಣಲಿಲ್ಲ. ಯಾವ ಶುಕ್ರವಾರ ಬರುತ್ತಾಳೋ ಎಂದುಕೊಳ್ಳುತ್ತಾ, ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ.