ಹೊಳೆ ನಡುವಿನ ಮರಳುದಿಬ್ಬ

ಪೊಂಗಲಿನ ಮೂರನೇ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಕೂರುವುದಿಲ್ಲ. ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗುತ್ತಾರೆ. ಗಂಡಸರು ಈಜುತ್ತಾರೆ, ಹೆಂಗಸರು ಕೈತಟ್ಟಿ ಹಾಡಿ ಕುಣಿಯುತ್ತಾರೆ, ಹೊತ್ತು ಇಳಿಯುವ ಮೊದಲು ಉಂಡು ಬರುತ್ತಾರೆ. ನಮ್ಮ ಅವ್ವನಿಗೆ ಮಾತ್ರ ಅದು ಬರೀ ವಿಹಾರವಾಗಿರಲಿಲ್ಲ. ಮದುವೆಯಾಗಿ ಹೋದ ನನ್ನ ಅಕ್ಕನ ಜೊತೆ ಕೂತು ಉಣ್ಣಲು ವರ್ಷದಲ್ಲಿ ಅವಳಿಗಿದ್ದದ್ದು ಆ ಒಂದೇ ದಿನ.

ಅಕ್ಕನನ್ನು ಹೊಳೆಯಾಚೆ ಕಾಮಯಗೌಂಡನ್‌ಪಟ್ಟಿಗೆ ಕೊಟ್ಟಿದ್ದೆವು. ಮಗಳು ಒಂದು ಮಗು ಹೆರುವ ತನಕ ಅವಳ ಗಂಡನ ಮನೆಯಲ್ಲಿ ತಾಯಿ ತುತ್ತು ಅನ್ನ ಮುಟ್ಟಬಾರದು ಎಂಬುದು ನಮ್ಮ ಮನೆತನದ ಕಟ್ಟು. ಅಕ್ಕನಿಗೆ ಮಕ್ಕಳಾಗಿರಲಿಲ್ಲ. ಅವಳ ಅತ್ತೆ ತವರಿಗೂ ಕಳಿಸುತ್ತಿರಲಿಲ್ಲ. ಹೋದವಳು ಹಿಂದಿರುಗಲಾರಳೆಂಬ ಭಯವೋ, ಮನೆಗೆಲಸ ನಿಲ್ಲುತ್ತದೆಂಬ ಚಿಂತೆಯೋ, ನನಗೆ ತಿಳಿಯದು. ಆದರೆ ಪೊಂಗಲ್ ಬರುವ ತೈ ತಿಂಗಳಿಗೆ ಹೊಳೆ ಇಳಿದು ನಡುವೆ ಮರಳುದಿಬ್ಬ ಏಳುತ್ತಿತ್ತು. ಅದು ಯಾರ ಮನೆಯೂ ಅಲ್ಲ. ಅಲ್ಲಿ ಇಬ್ಬರೂ ಕೂತು ಉಣ್ಣುತ್ತಿದ್ದರು.

ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಬಂದ ವರ್ಷವೇ, ಮಲೆಯ ಮೇಲೆ ಕಟ್ಟಿದ ಅಣೆಯ ನೀರನ್ನು ಸುರಂಗದ ಮೂಲಕ ನಮ್ಮ ಕಣಿವೆಗೆ ತಿರುಗಿಸಿದರು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದ ಮೊದಲಿಗ ನಾನು. ಛತ್ರದಲ್ಲಿ ಎರಡನೇ ಪಂಕ್ತಿಗೆ ಕಾದು ಉಂಡು, ಎರವಲು ಪುಸ್ತಕದಲ್ಲಿ ಓದಿದವನು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಜಗುಲಿಯ ಮೇಲೆ ಜೇಡಿಮಣ್ಣಿನ ಮಲೆ ಮಾಡಿ, ಕಡ್ಡಿಯಲ್ಲಿ ತೂತು ಕೊರೆದು, ನೀರು ಹೊಯ್ದು, ಸುರಂಗದ ನೀರು ಹೇಗೆ ಬರುತ್ತದೆಂದು ಊರಿಗೆಲ್ಲ ತೋರಿಸಿದೆ. ಅಪ್ಪ ಆಗಲೇ ಎರಡನೇ ಬೆಳೆಗೆ ಬಿತ್ತನೆ ಭತ್ತ ಎತ್ತಿಟ್ಟರು.

ಆ ಪೊಂಗಲಿನಲ್ಲಿ ಬುತ್ತಿ ಹೊತ್ತು ಹೊಳೆಗೆ ಹೋದರೆ, ದಿಬ್ಬವಿಲ್ಲ. ಈ ದಂಡೆಯಿಂದ ಆ ದಂಡೆಗೆ ಕೆಂಪು ನೀರು. ಆಚೆ ಅಕ್ಕ ತನ್ನ ಬುತ್ತಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಭಾವ, ಹಿಂದೆ ಮರದಡಿ ಅವಳ ಅತ್ತೆ.

ಭಾವ ಬಾಯಿಗೆ ಕೈ ಹಿಡಿದು ಅವ್ವನಿಗೆ ಕೂಗಿದರು: "ಅತ್ತೇ, ನಾ ಬಂದು ಎತ್ಕೊಂಡು ಬರ್ತೀನಿ! ನಮ್ಮನೇಲೇ ಉಣ್ಣಿ!"

"ಮೊದಲು ತೊಟ್ಟಿಲು ಕಟ್ಟಪ್ಪಾ, ಆಮೇಲೆ ನಾನೇ ನಡ್ಕೊಂಡು ಬರ್ತೀನಿ," ಎಂದಳು ಅವ್ವ. ಭಾವ ನಕ್ಕರು. ಅಕ್ಕ ನಗಲಿಲ್ಲ.

ನಾನು ಹೇಳಿದೆ: "ಈ ಕಟ್ಟು ಯಾವ ಶಾಸ್ತ್ರದಲ್ಲೂ ಇಲ್ಲ, ಅವ್ವಾ. ಹೋಗಿ ಉಂಡು ಬಾ."

"ಜಗುಲಿ ಮೇಲೆ ಮಲೆ ಮಾಡಿದ್ಯಲ್ಲ, ತಂಬಿ. ಅದ್ರಲ್ಲಿ ನನ್ನ ಮಣಲುದಿಬ್ಬ ಎಲ್ಲಿ ಇಟ್ಟಿದ್ದೆ?"

ಅಪ್ಪ ನೆಲ ನೋಡುತ್ತಾ, "ಊರಿಗೆ ಬಂದ ನೀರು. ಬಯ್ಯಬೇಡ," ಎಂದರು.

"ನಾ ಎಲ್ಲಿ ಬಯ್ದೆ?"

ಅವ್ವ ಸೀರೆ ಮೇಲೆ ಕಟ್ಟಿ, ಬುತ್ತಿಯ ಗಡಿಗೆಯನ್ನು ತಲೆಗೇರಿಸಿ ನೀರಿಗೆ ಇಳಿದಳು. ಅವಳಿಗೆ ಈಜು ಬರುತ್ತಿರಲಿಲ್ಲ. ನಾನು ಧುಮುಕಿ ಕೆಳಗಡೆ ಸೆಳವಿಗೆ ಅಡ್ಡ ನಿಂತೆ. ಆಚೆಯಿಂದ ಅಕ್ಕನೂ ಇಳಿದಳು. ಅವಳ ಅತ್ತೆ, "ಅಯ್ಯೋ, ತಾಯಿಗೂ ಮಗಳಿಗೂ ಬುದ್ಧಿ ಕೆಟ್ಟೋಯ್ತಾ! ಅವಳ ಕೈ ಹಿಡ್ಕೊಳೋ!" ಎಂದು ಮಗನನ್ನು ಬೈದು ನೀರಿಗೆ ಅಟ್ಟಿದಳು.

ದಿಬ್ಬವಿದ್ದ ಜಾಗದಲ್ಲಿ ನೀರು ಸೊಂಟಮಟ್ಟ. ಅಲ್ಲಿ ಇಬ್ಬರೂ ಎದುರುಬದುರು ನಿಂತರು. ಗಡಿಗೆಯನ್ನು ನನ್ನ ಕೈಗೆ ಕೊಟ್ಟು, ಅವ್ವ ಉಂಡೆ ಕಟ್ಟಿ ಅಕ್ಕನ ಬಾಯಿಗೆ ಇಟ್ಟಳು. ಅಕ್ಕ ತನ್ನ ಬುತ್ತಿಯಿಂದ ಅವ್ವನಿಗೆ ತಿನ್ನಿಸಿದಳು. "ಉಪ್ಪು ಕಮ್ಮಿ," ಎಂದಳು ಅವ್ವ. "ನಿನ್ನದ್ರಲ್ಲಿ ಜಾಸ್ತಿ, ಸರಿಹೋಯ್ತು," ಎಂದಳು ಅಕ್ಕ. ಬುತ್ತಿ ಮುಗಿಯುವ ತನಕ ಇಬ್ಬರೂ ಕದಲಲಿಲ್ಲ. ಚಳಿಗೆ ಅವ್ವನ ತುಟಿ ಕಪ್ಪಾಗಿತ್ತು.

ದಂಡೆಗೆ ಬಂದ ಮೇಲೆ ಅಪ್ಪ ತಮ್ಮ ಮೇಲುವಸ್ತ್ರ ಅವಳಿಗೆ ಹೊದಿಸಿದರು. "ಬರೋ ವರ್ಷ ನೀರು ಇನ್ನೂ ಜಾಸ್ತಿ ಬಿಡ್ತಾರಂತೆ," ಎಂದರು ಮೆಲ್ಲಗೆ.

"ಬಿಡ್ಲಿ. ಅಷ್ಟೊತ್ತಿಗೆ ಅವಳು ಹೆತ್ತಿರ್ತಾಳೆ."

ಮರುವರ್ಷ ನಮ್ಮ ಗದ್ದೆಯಲ್ಲಿ ಎರಡನೇ ಬೆಳೆ ನಿಂತಿತ್ತು. ಅಕ್ಕ ಹೆತ್ತಿರಲಿಲ್ಲ. ನೀರು ಎದೆಮಟ್ಟ ಇತ್ತು. ಇಬ್ಬರೂ ಇಳಿದರು.