ಹೂಸ್ಟನ್ನಿನಲ್ಲಿ ಒಂದು ದೋಹಾದ ಶುಕ್ರವಾರ

ಹೂಸ್ಟನ್ ಹೇಗಿತ್ತು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ಕಾಣುವುದು ಒಂದು ಊಟದ ಮೇಜು. ಕಂಪೆನಿಯ ತರಬೇತಿಗೆಂದು ಎರಡು ವಾರ ಆ ನಗರದಲ್ಲಿದ್ದೆ. ದಿನಚರಿಯಲ್ಲಿ ಬರೆದಿಟ್ಟಿರುವುದು ಹೆಚ್ಚಾಗಿ ಸೆಕೆ, ಹೆದ್ದಾರಿ, ಹೋಟೆಲಿನ ಎ.ಸಿ.ಯ ಚಳಿ. ಮೇಜಿನ ಬಗ್ಗೆ ಇರುವುದು ಇಷ್ಟೇ: "ಬಾಯಿಯ ಮನೆಯಲ್ಲಿ ಊಟ. ತಡವಾಯಿತು." ಉಳಿದದ್ದೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ. ನೆನಪು ಎಷ್ಟು ಉಪ್ಪು ಖಾರ ಸೇರಿಸಿದೆಯೋ ಹೇಳಲಾರೆ.

ನಮ್ಮ ಕರಾವಳಿಯಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೂ ಗಂಡಸರನ್ನು ಪೊರ್ಬು ಎಂದೂ ಗೌರವದಿಂದ ಕರೆಯುವುದುಂಟು. ಕತಾರಿನ ಅಲ್ ಖೋರಿನಲ್ಲಿ ನಾನು ಒಂಟಿಯಾಗಿದ್ದ ವರ್ಷಗಳಲ್ಲಿ ಪಕ್ಕದ ಮನೆಯ ಬಾಯಿ ಮತ್ತು ಅವರ ಗಂಡ ಪೊರ್ಬುಗಳು ನನ್ನ ಶುಕ್ರವಾರಗಳನ್ನು ಸಲಹಿದರು. ಕತಾರಿನಲ್ಲಿ ವಾರದ ರಜೆ ಶುಕ್ರವಾರ. ಆದ್ದರಿಂದ ಇಗರ್ಜಿಗೆ ಹೋಗುವವರ ಆದಿತ್ಯವಾರವೂ ಅದೇ. ಅವರಿಬ್ಬರು ಬೆಳಿಗ್ಗೆ ದೋಹಾಕ್ಕೆ ಹೋಗಿ ಪೂಜೆ ಮುಗಿಸಿ ಬರುತ್ತಿದ್ದರು. ಮಧ್ಯಾಹ್ನ ಕೋಳಿ ಸಾರು, ಜೊತೆಗೆ ಸಾನ್ನಾ. ಇಡ್ಲಿಯಂಥದ್ದೇ, ಆದರೆ ಇನ್ನೂ ಮೆದು, ತುಸು ಹುಳಿ. ಕಂಪೆನಿ ಬಸ್ಸಿನಲ್ಲಿ ನನ್ನ ಜೊತೆ ಹೋಗಿಬರುವವರೂ ಆ ಮೇಜಿಗೆ ಬರುತ್ತಿದ್ದರು. ಯಾರನ್ನೂ ಕರೆಯಬೇಕಾಗಿರಲಿಲ್ಲ.

ಕೆಲಸ ಮುಗಿದರೆ ಇಲ್ಲಿ, ಕತಾರಿನಲ್ಲಿ, ಇರುವ ಅನುಮತಿಯೂ ಮುಗಿಯುತ್ತದೆ. ಪೊರ್ಬುಗಳು ನಿವೃತ್ತರಾದರು, ಇಬ್ಬರೂ ಸಾಮಾನು ಕಟ್ಟಿ ಹೂಸ್ಟನ್ನಿನಲ್ಲಿದ್ದ ಮಗನ ಮನೆಗೆ ಹೋದರು.

ನಾನು ಹೂಸ್ಟನ್ನಿಗೆ ಬಂದಿಳಿದ ಮೇಲೆ ಬಾಯಿಗೆ ಫೋನ್ ಮಾಡಿದೆ.

"ಶುಕ್ರವಾರ ಊಟಕ್ಕೆ ಬಾ" ಎಂದರು.

"ಶುಕ್ರವಾರ ಕ್ಲಾಸ್ ಉಂಟು ಬಾಯಿ. ಆದಿತ್ಯವಾರ ಬರ್ತೇನೆ."

"ಆದಿತ್ಯವಾರ ಮಗ, ಸೊಸೆ, ಅವರ ಫ್ರೆಂಡ್ಸ್ ಎಲ್ಲ ಇರ್ತಾರೆ. ಶುಕ್ರವಾರ ಯಾರೂ ಇಲ್ಲ ಮಾರಾಯ. ಮಾಡಿದ್ದನ್ನು ನಾವಿಬ್ಬರೇ ತಿನ್ನೋದು. ಅಲ್ಲಿಯ ಶುಕ್ರವಾರ ಎಲ್ಲ ಖಲಾಸ್, ಇನ್ನು ಬಿಡು ಅಂತಾನೆ ಮಗ. ನೀನೊಬ್ಬ ಬಾ. ಒಂದು ಸಲ ಮೇಜಿಗೆ ಜನ ಕೂರಲಿ."

ಮಧ್ಯಾಹ್ನದ ಪಾಠ ತಪ್ಪಿಸಿ ಹೊರಟೆ. ಆ ಊರಿನಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ದೂರವೇ. ಟ್ಯಾಕ್ಸಿಯ ಕಿಟಕಿಯಲ್ಲಿ ವಿಯೆಟ್ನಾಮಿನವರ ಬೇಕರಿ, ಮೆಕ್ಸಿಕೋದವರ ಟೈರು ಅಂಗಡಿ, ನೈಜೀರಿಯಾದ ಹೆಂಗಸರ ತಲೆಯ ಮೇಲೆ ಗೋಪುರದಂತೆ ಎದ್ದ ಬಣ್ಣದ ಬಟ್ಟೆ. ಇಷ್ಟು ಬಗೆಯ ಜನ ನನಗೆ ಹೊಸದಲ್ಲ. ಕತಾರಿನಲ್ಲಿ ದಿನವೂ ನೋಡುತ್ತೇನೆ. ಆದರೆ ಇವರು ಅಂಗಳದಲ್ಲಿ ಮರ ನೆಟ್ಟಿದ್ದರು. ನಾವು ಹೆಚ್ಚೆಂದರೆ ಕುಂಡದಲ್ಲಿ ಕರಿಬೇವು ಬೆಳೆಸುತ್ತೇವೆ. ಹೀಗೆ ನಾನು ಅಂದೇ ಯೋಚಿಸಿದೆನೋ, ಈಗ ಬರೆಯುವಾಗ ಹೊಳೆಯಿತೋ!

ಚಾಲಕ ಇಥಿಯೋಪಿಯಾದವನು. ಎಲ್ಲಿಂದ ಬಂದೆ ಎಂದು ಕೇಳಿದ. ದೋಹಾ ಎಂದೆ.

"ವಲ್ಲಾ! ನಾನು ಮುಐದರ್!" ಎಂದು ಸ್ಟಿಯರಿಂಗ್ ತಟ್ಟಿದ. ದೋಹಾ ಪಕ್ಕದ ಮುಐದರಿನ ಒಂದು ಮನೆಯಲ್ಲಿ ಹಲವು ವರ್ಷ ಡ್ರೈವರಾಗಿದ್ದನಂತೆ. ಅಲ್ಲಿಂದ ಮುಂದೆ ನಮ್ಮ ಇಂಗ್ಲಿಷಿಗೆ ಅರಬಿ, ಹಿಂದಿ ಎಲ್ಲ ಸೇರಿಕೊಂಡವು.

ತಲುಪುವಾಗ ಊಟದ ಹೊತ್ತು ಮೀರಿತ್ತು. ಬಾಯಿ ಬಾಗಿಲಲ್ಲೇ ನಿಂತಿದ್ದರು. ಅವರ ಹಿಂದಿನಿಂದ ಪೊರ್ಬುಗಳು, "ಎಂತ, ಕಂಪೆನಿ ಬಸ್ಸು ಲೇಟಾ?" ಎಂದು ಹಳೆಯ ತಮಾಷೆಯನ್ನೇ ಮಾಡಿದರು. ಇಬ್ಬರೂ ಉಂಡಿರಲಿಲ್ಲ.

ಈ ಚಾಲಕನೂ ದೋಹಾದಲ್ಲಿದ್ದವನು ಎಂದು ನಾನು ಹೇಳಿದ್ದೇ ತಡ, ಬಾಯಿ ಕಾರಿನ ಬಳಿಗೆ ನಡೆದರು. "ಯಲ್ಲಾ, ಖಾನಾ ಖಾಕೇ ಜಾವ್," ಊಟ ಮಾಡಿಯೇ ಹೋಗು ಎಂದರು. ಅವನು ನನ್ನ ಮುಖ ನೋಡಿದ. ಆಮೇಲೆ ಮೊಬೈಲ್ ನೋಡಿ ಏನೋ ಒತ್ತಿ, ಇಳಿದು ಬಂದ.

ಬಾಯಿ ಕೋಳಿ ಸಾರಿನ ಸೌಟು ಎತ್ತಿದಾಗ ಅವನು ತಟ್ಟೆಯ ಮೇಲೆ ಅಂಗೈ ಮುಚ್ಚಿದ. "ಲಹಮ್ ಮಾಫಿ, ಮದಾಮ್. ಇವತ್ತು ಶುಕ್ರವಾರ." ಕೊರಳಿನ ಶಿಲುಬೆ ತೋರಿಸಿದ. ಇಥಿಯೋಪಿಯಾದ ಕ್ರಿಶ್ಚಿಯನ್ನರಲ್ಲಿ ಶುಕ್ರವಾರ ಉಪವಾಸ, ಮಾಂಸ ಮುಟ್ಟುವಂತಿಲ್ಲ.

ಬಾಯಿಯ ಸೌಟು ಹಾಗೇ ನಿಂತಿತು. ಪೊರ್ಬುಗಳು ನಕ್ಕರು. "ನಿನ್ನ ಅಮ್ಮನೂ ಇದನ್ನೇ ಹೇಳ್ತಿದ್ದರಲ್ಲ? ಅವರಿದ್ದಿದ್ದರೆ ಈ ಪಾತ್ರೆ ಇವತ್ತು ಅಂಗಳಕ್ಕೆ ಹೋಗ್ತಿತ್ತು."

"ಸುಮ್ಮನಿರಿ ನೀವು. ಅಲ್ಲಿ ಶುಕ್ರವಾರವೇ ನಮಗೆ ಆದಿತ್ಯವಾರ."

"ಅಲ್ಲಿ ಸರಿ. ಇಲ್ಲಿ?"

ಬಾಯಿ ಸೌಟು ಕೆಳಗಿಟ್ಟರು. ಒಳಗೆ ಹೋಗಿ, ಹಿಂದಿನ ದಿನದ ದಾಳಿ ಸಾರು, ಅಂದರೆ ಬೇಳೆ ಸಾರು, ಬಿಸಿ ಮಾಡಿ ತಂದರು. ಅವನು ಸಾನ್ನಾ ಅದ್ದಿ ತಿಂದ. ತಮ್ಮ ಇಂಜೆರಾ ದೋಸೆಗೂ ಇದೇ ಹುಳಿ ಎಂದ. ಮಾತಾಡುತ್ತ ಮಾತಾಡುತ್ತ ಗೊತ್ತಾಯಿತು, ಅವನು ಹೋಗುತ್ತಿದ್ದದ್ದೂ ದೋಹಾದ ಅದೇ ಇಗರ್ಜಿ ಆವರಣಕ್ಕೆ. ಎಲ್ಲ ಇಗರ್ಜಿಗಳೂ ಅಲ್ಲಿ ಒಟ್ಟಿಗೇ ಇವೆ. ಶುಕ್ರವಾರದ ಆ ಬಿಸಿಲು, ಕಾರು ನಿಲ್ಲಿಸಲು ಆಗುವ ಜಗಳ, ಮರಳಿನಲ್ಲಿ ಹೂತುಹೋಗುವ ಹೊಸ ಚಪ್ಪಲಿ, ಎಲ್ಲವನ್ನೂ ಅವನು ಹೇಳುತ್ತ ಹೋದ.

"ಕೇಳಿದಿರಾ? ಇವನೂ ಇದ್ದ ಅಲ್ಲಿ!" ಎಂದು ಬಾಯಿ ಗಂಡನತ್ತ ತಿರುಗಿದರು. ಮಗನ ಎದುರು ಹೇಳಲು ಅವರಿಗೊಬ್ಬ ಸಾಕ್ಷಿ ಸಿಕ್ಕಿದ್ದ.

ನಾನು ಕೋಳಿ ತಿಂದೆನೇ? ಬಹುಶಃ ತಿಂದೆ. ರುಚಿ ನೆನಪಿಲ್ಲ. ನೆನಪಿದೆ ಎಂದುಕೊಂಡದ್ದು ಅಲ್ ಖೋರಿನ ರುಚಿಯೂ ಇರಬಹುದು.

ಕಳೆದ ವಾರ ಬಾಯಿಯ ಫೋನ್ ಬಂದಿತ್ತು. "ನಿನ್ನ ಡ್ರೈವರ್ ಈಗಲೂ ಬರ್ತಾನೆ. ಅವನ ಊರಿನವರು ಇಬ್ಬರನ್ನು ಕರ್ಕೊಂಡು ಬರ್ತಾನೆ. ಶುಕ್ರವಾರ ಈಗ ದಾಳಿ ಸಾರೇ ಮಾಡೋದು, ಆಯ್ತಾ. ಕೋಳಿ ಆದಿತ್ಯವಾರಕ್ಕೆ."

ನನಗೆ ಸಂತೋಷವಾಯಿತು. ಫೋನ್ ಇಟ್ಟ ಮೇಲೆ, ನಾನು ಕೂರುತ್ತಿದ್ದ ಆ ಹಳೆಯ ಶುಕ್ರವಾರದ ಮೇಜನ್ನು ಅವರು ಅಲ್ಲಿ ಕೊನೆಗೂ ಎತ್ತಿಟ್ಟರೇನೋ ಅನ್ನಿಸಿತು. ಇದು ನನ್ನ ಸಣ್ಣತನವೂ ಇರಬಹುದು.

ಇವತ್ತು ಶುಕ್ರವಾರ. ಅಲ್ ಖೋರಿನ ನನ್ನ ಮನೆಯಲ್ಲಿ ಒಲೆಯ ಮೇಲೆ ಕೋಳಿ ಕುದಿಯುತ್ತಿದೆ. ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಹುಡುಗನಿಗೆ ಇನ್ನೂ ಅಡುಗೆ ಬರುವುದಿಲ್ಲವಂತೆ. ನನ್ನ ಹೆಂಡತಿ ಇನ್ನೊಂದು ತಟ್ಟೆ ಇಟ್ಟಿದ್ದಾಳೆ. ನಾನು ಹೋಗಿ ಅವನ ಬಾಗಿಲು ತಟ್ಟಬೇಕು.